ಕವಣಿ ಕೆಂಚಕ್ಕನ ಹಕ್ಕಿ ಸವಾರಿ

ಕೆಂಚಕ್ಕನಿಗೆ ಹಕ್ಕಿಗಳಲ್ಲಿ ಎರಡೇ ಜಾತಿ ಗೊತ್ತಿತ್ತು: ಕಾಳು ತಿನ್ನುವವು, ಕಾಳು ತಿನ್ನದವು. ಮೊದಲನೆಯವು ಅವಳ ವೈರಿಗಳು. ಎರಡನೆಯವುಗಳ ಗೊಡವೆಗೆ ಅವಳು ಹೋದವಳೇ ಅಲ್ಲ.

ಹೊಸಹಳ್ಳಿ ಹೋಬಳಿಯಲ್ಲಿ ಹುಟ್ಟಿದವಳು, ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಕವಣೆ ಹಿಡಿದಳು. ಕೂಡ್ಲಿಗಿ, ಕೊಟ್ಟೂರಿನಿಂದ ಹಿಡಿದು ಹಡಗಲಿಯ ಆಚೆತನಕ ಸಜ್ಜೆಯೋ ಜೋಳವೋ ಹಾಲುಗಾಳು ಕಟ್ಟಿತೆಂದರೆ ರೈತರು ಅವಳಿಗೆ ಹೇಳಿಕಳಿಸುತ್ತಿದ್ದರು. ಹೊಲದ ನಡುವೆ ನಾಲ್ಕು ಗೂಟದ ಮೇಲೊಂದು ಅಟ್ಟ, ಅದರ ಬುಡದಲ್ಲಿ ಮೂರು ಕಲ್ಲಿನ ಒಲೆ. ತೆನೆ ಬಲಿಯುವತನಕ ಅದೇ ಅವಳ ಮನೆ. ಅವಳ ಕವಣೆಗಿಂತ ಬಾಯಿ ಜೋರು. ಗಿಳಿಗಳ ತಾಯಿ, ತಂದೆ, ಅಜ್ಜಿ ಎಲ್ಲರನ್ನೂ ಎತ್ತಿ ಅವಳು ಬೈಯುವುದನ್ನು ಕೇಳಲೆಂದೇ ದಾರಿಹೋಕರು ಬೀಡಿ ಹಚ್ಚಿಕೊಂಡು ಬದುವಿನ ಮೇಲೆ ಕೂರುತ್ತಿದ್ದರು. ಕವಣಿ ಕೆಂಚಕ್ಕ ಎಂಬ ಹೆಸರು ಅವಳಿಗೆ ಬಂದದ್ದು ಹಾಗೆ.

ಆಮೇಲೆ ಊರಿಗೆ ಊರೇ ಗೋವಿನಜೋಳಕ್ಕೆ ತಿರುಗಿತು. ಅದರ ತೆನೆಗೆ ಸಿಪ್ಪೆಯ ಅಂಗಿ, ಹಕ್ಕಿಯ ಕೊಕ್ಕಿಗೆ ಕೆಲಸವಿಲ್ಲ. ಅಲ್ಲೊಬ್ಬ ಇಲ್ಲೊಬ್ಬ ಸಜ್ಜೆ ಬಿತ್ತಿದವನೂ ಹಕ್ಕಿ ಬೆದರಲೆಂದು ಮಿಂಚುವ ಪಟ್ಟಿ ಕಟ್ಟಿ ಕೈತೊಳೆದುಕೊಂಡ. ಕೆಂಚಕ್ಕ ಗಂಟು ಕಟ್ಟಿಕೊಂಡು ಕಾನಹೊಸಹಳ್ಳಿಯಲ್ಲಿದ್ದ ಮಗಳು ಹೊನ್ನೂರಮ್ಮನ ಮನೆಗೆ ಬಂದಳು. ಮಗಳ ಮನೆ ಎಂದು ಬಾಯಲ್ಲಿ ಹೇಳಬಹುದು. ಅಕ್ಕಿ ತರುವವನು ಅಳಿಯ ಅಂಜಿನೇಯಲು, ಬಾಡಿಗೆ ಜೀಪು ಓಡಿಸುವವನು. ಅಳಿಯನ ಮನೆಯ ಕೂಳು ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಯದ್ದನ್ನೆಲ್ಲ ಅವಳು ಬೈಗುಳ ಮಾಡಿ ಅವನ ಮೇಲೇ ಉಗುಳುತ್ತಿದ್ದಳು. ಅವನೂ ಬಿಡುವ ಆಸಾಮಿಯಲ್ಲ.

"ಉಂಡ ಮನಿ ಜಂತಿ ಎಣಸ್ತಾಳ ನಿಮ್ಮವ್ವ," ಎಂದು ಅವನು ಹೆಂಡತಿಗೆ ಹೇಳಿದರೆ, "ಎಣಸಾಕ ಜಂತಿನಾರ ಎಲ್ಲಿ ಅದಾವ, ತಗಡು ಹೊದಸ್ಯಾನ," ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಎಣ್ಣೆ ಸೀಗೆಕಾಯಿ ಒಂದೇ ಬಟ್ಟಲಲ್ಲಿದ್ದ ಹಾಗಿತ್ತು ಆ ಸಂಸಾರ. ಜೀಪಿನ ಸದ್ದು ನಿಲ್ಲುವುದೂ ಜಗಳದ ಸದ್ದು ಏಳುವುದೂ ಒಟ್ಟಿಗೆ ಆಗುತ್ತಿತ್ತು.

ಈ ವರ್ಷ ಹುಬ್ಬೆ ಮಳೆಯ ಹೊತ್ತಿಗೆ ಒಂದು ಸುದ್ದಿ ಬಂತು. ಹಡಗಲಿ ಕಡೆಯ ಇಟ್ಟಿಗಿ ಊರಿನ ನಾಗಪ್ಪ, ಕೆಂಚಕ್ಕ ಎಷ್ಟೋ ವರ್ಷ ಹೊಲ ಕಾದುಕೊಟ್ಟ ರೈತ, ಗೋವಿನಜೋಳಕ್ಕೆ ಹುಳ ಬಿದ್ದು ಬೇಸತ್ತು ಮತ್ತೆ ಸಜ್ಜೆ ಬಿತ್ತಿದ್ದಾನೆ. ತೆನೆ ಹಾಲಿಗೆ ಬಂದಿದೆ. ಕೆಂಚಕ್ಕನಿಗೆ ಅಂದಿನಿಂದ ನಿದ್ದೆಯಿಲ್ಲ. ಆ ಹೊಲ ಸಿಕ್ಕರೆ ಅಟ್ಟ ಸಿಕ್ಕಿತು, ಒಲೆ ಸಿಕ್ಕಿತು, ತನ್ನ ರೊಟ್ಟಿ ತಾನು ತಟ್ಟಿಕೊಂಡಳು. ಬೇರೆ ಯಾರಾದರೂ ಹಿಡಿಯುವ ಮೊದಲು ಹೋಗಿ ಕೇಳಬೇಕಿತ್ತು. ಮಂಡಿನೋವಿಗೆ ಬಸ್ಸು ಹತ್ತಿ ಇಳಿಯುವುದು ಆಗದ ಮಾತು, ಅಳಿಯನ ಜೀಪು ಪುಕ್ಕಟೆ ತಿರುಗುವುದಿಲ್ಲ.

ಆಗ ಸಿಕ್ಕಿದವರು ಹಕ್ಕಿ ನೋಡುವವರು. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಕ್ರಾಂತಿಕುಮಾರ್, ಅವನ ಹೆಂಡತಿ ಶಾಂಭವಿ. ಮಳೆಗಾಲದಲ್ಲಿ ಮಾತ್ರ ಹುಲ್ಲುಗಾವಲಿಗೆ ಬರುವ ಯಾವುದೋ ಅಪರೂಪದ ಹಕ್ಕಿಯನ್ನು ಹುಡುಕಲು ಸುತ್ತಲಿನ ಐದು ತಾಲೂಕು ತಿರುಗಬೇಕೆಂದು ಜೀಪು ಗೊತ್ತು ಮಾಡಿದ್ದರು. ಅಪರಿಚಿತರು ಹೊಲಕ್ಕಿಳಿದರೆ, ಗಾಳಿಯಂತ್ರಕ್ಕೋ ರಸ್ತೆಗೋ ಭೂಮಿ ಹೋಗುತ್ತದೆಂದು ರೈತರು ಅಟ್ಟಿಸಿಕೊಂಡು ಬರುವ ಕಾಲ. "ಅತ್ತಿ, ನಿನ್ನ ಮಕ ಎಲ್ಲಾ ಊರಾಗ ಗೊತ್ತೈತಿ. ನೀ ಬಂದ್ರ ನಮ್ಮನ್ನ ಬಡಿಯಂಗಿಲ್ಲ," ಎಂದ ಅಂಜಿನೇಯಲು. ಇಟ್ಟಿಗಿಗೆ ಹೋಗುವುದಾದರೆ ಬರುತ್ತೇನೆಂದು ಇವಳು ಹಟ ಹಿಡಿದಳು. ಹಾಗೆ ಹೊರಟಿತು ಸವಾರಿ.

ಹೊರಡುವ ಮೊದಲೇ ಕ್ರಾಂತಿಕುಮಾರ್ ಅವಳ ಕೆಂಪು ಸೀರೆಗೆ ತಕರಾರು ತೆಗೆದ. ಕೆಂಪು ಕಂಡರೆ ಹಕ್ಕಿ ಬೆದರುತ್ತದಂತೆ, ಹಸಿರು ಶಾಲು ಹೊದೆಯಬೇಕಂತೆ.

"ನಾನೇನು ಕಳವಿಗೆ ಹೊಂಟೀನೇನು, ಹೊದ್ದು ಮುಚಿಗ್ಯಳ್ಳಾಕ?" ಎಂದಳು ಕೆಂಚಕ್ಕ.

ಅವನು ಸಿಟ್ಟು ನುಂಗಿ ಫೋನಿನಲ್ಲಿ ಚಿತ್ರ ತೋರಿಸಿದ. ಕರೀ ಮೈ, ಬಿಳೀ ಕುತ್ತಿಗೆಯ ಪಟ್ಟಿ, ತಲೆಯ ಹಿಂದೆ ಬಾಗಿದ ಗರಿಗಳು, ಕೋಲಿನಂಥ ಕಾಲು. "ಫ್ಲೋರಿಕನ್ ಅಂತ. ಗಂಡು ಹಕ್ಕಿ ಹುಲ್ಲಿನ ಮೇಲಕ್ಕೆ ಎಗರಿ ಎಗರಿ ಬೀಳುತ್ತೆ, ಹೆಣ್ಣಿಗೆ ಕಾಣಲಿ ಅಂತ. ನೋಡಿದ್ದೀಯಾ?"

"ಕಾಳು ತಿಂತೈತೇನು?"

"ಹುಳ, ಮಿಡತೆ ತಿನ್ನುತ್ತೆ."

"ಹಂಗಾರ ನನಗ ಗೊತ್ತಿಲ್ಲ."

ಕೂಡ್ಲಿಗಿ ದಾಟಿ ಒಂದು ಬೀಳುಭೂಮಿಯ ಪಕ್ಕ ದುರ್ಬೀನಿನ ಮೂರುಕಾಲಿನ ಸ್ಟ್ಯಾಂಡು ನಿಲ್ಲಿಸಿದ್ದೇ ತಡ, ಎಲ್ಲಿದ್ದರೋ ಜನ, ಕೋಲು ಹಿಡಿದು ಬಂದರು. "ಗಾಳಿ ಫ್ಯಾನಿನೋರೋ, ರೋಡಿನೋರೋ? ಯಾರನ್ನ ಕೇಳಿ ಭೂಮಿ ಅಳಿಯಾಕತ್ತೀರಿ?" ಎಂದು ಒಬ್ಬ ಮುದುಕ ಕೋಲೆತ್ತಿದ. ಕೆಂಚಕ್ಕ ಜೀಪಿನಿಂದ ಇಳಿಯದೆಯೇ ತೀರ್ಪು ಕೊಟ್ಟಳು. "ಅಳಿಯೋರಲ್ಲಪ್ಪ. ಹಕ್ಕಿ ನೋಡಾಕ ಬಂದಾರ. ತಲಿ ಸರಿ ಇಲ್ಲ, ಬಿಡು." ಜನ ಮರುಕದಿಂದ ಕ್ರಾಂತಿಕುಮಾರನನ್ನು ನೋಡಿ ಹಿಂದೆ ಸರಿದರು. ಪ್ರಾಣ ಉಳಿಸಿದ್ದಕ್ಕೆ ಅವನು ಕೃತಜ್ಞನಾಗಬೇಕಿತ್ತು, ಆಗಲಿಲ್ಲ. ಕೊಟ್ಟೂರಿನ ಹತ್ತಿರ ಕುರಿಹಟ್ಟಿಯ ನಾಯಿಗಳು ಅವರನ್ನು ಜೀಪಿನ ತನಕ ಓಡಿಸಿದವು. ಹಗರಿಬೊಮ್ಮನಹಳ್ಳಿ ಕಡೆಯ ಕೆರೆಯ ಅಂಗಳದಲ್ಲಿ ಕೊಕ್ಕರೆಗಳು ತುಂಬಿದ್ದವು. ಸ್ವಲ್ಪ ಇಳಿದು ನೋಡೋಣ ಎಂದಳು ಶಾಂಭವಿ. "ಅವನ್ನ ಯಾರು ಬೇಕಾದರೂ ನೋಡ್ತಾರೆ," ಎಂದು ಗಂಡ ಗದರಿದ. ಅವಳು ಮುಖ ತಿರುಗಿಸಿ ಕೂತಳು. ಜೀಪು ಹಾಗೆಯೇ ಹಡಗಲಿ ಮುಟ್ಟಿತು.

ಇಟ್ಟಿಗಿಯಲ್ಲಿ ನಾಗಪ್ಪ ಹೊಲದ ಬದುವಿನ ಮೇಲೇ ಸಿಕ್ಕಿದ. ಎದೆಯೆತ್ತರದ ಸಜ್ಜೆ, ಅದರಾಚೆ ಹುಲ್ಲು ಬೆಳೆದ ಬೀಳು. ನಡುವೆ ಹಳೆಯ ಅಟ್ಟವನ್ನು ಹೊಸ ಗೂಟ ಹಾಕಿ ನಿಲ್ಲಿಸಿದ್ದ. ಅದನ್ನು ಕಂಡು ಕೆಂಚಕ್ಕನಿಗೆ ಕಣ್ಣು ತುಂಬಿ ಬಂತು. ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ.

"ನಾಗಪ್ಪಣ್ಣ, ಈ ಸಲ ಹೊಲ ನನಗ ಕೊಡು."

ನಾಗಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. "ಕೊಡಬೌದು. ಹಕ್ಕಿ ತಡಿಯೋ ಬಲೆ ಮಾರೋನೂ ಬಂದಿದ್ದ, ಹೊಲಕ್ಕ ಬಲೆ ಹೊದಿಸಿಬಿಡ್ರಿ ಅಂದ. ನಿನಗೂ ವಯಸ್ಸಾತು. ಕೈ ಮೊದಲಿನಂಗ ಐತೇನು?"

ಕೆಂಚಕ್ಕನಿಗೆ ಅದು ಸೂಜಿಯಂತೆ ಚುಚ್ಚಿತು. ಉತ್ತರ ಕೊಡುವಷ್ಟರಲ್ಲಿ ಶಾಂಭವಿ ಗಂಡನ ತೋಳು ಹಿಡಿದು ಜಗ್ಗಿದಳು. ಸಜ್ಜೆಯ ಆ ಅಂಚಿನಲ್ಲಿ ಕರಿಯದೊಂದು ಮೇಲಕ್ಕೆ ಎಗರಿ, ರೆಕ್ಕೆ ಪಟಪಟ ಬಡಿದು, ತೆನೆಗಳ ನಡುವೆ ಬಿತ್ತು. ಬೆಳಗಿನಿಂದ ಎಲ್ಲರ ಮೇಲೂ ಉರಿಯುತ್ತಿದ್ದ ಕ್ರಾಂತಿಕುಮಾರ್ ಮೆತ್ತಗೆ ಕ್ಯಾಮೆರಾ ಎತ್ತಿದ. ಅದು ಮತ್ತೆ ಎಗರುವುದನ್ನೇ ಕಾಯುತ್ತ ನಿಂತ.

ಅದು ಎಗರಿತು. ಕೆಂಚಕ್ಕನಿಗೆ ಕಂಡದ್ದು ಇಷ್ಟೇ: ನಾಗಪ್ಪನ ಹೊಲದೊಳಗೆ ಒಂದು ಹಕ್ಕಿ, ಪಕ್ಕದಲ್ಲಿ ನಾಗಪ್ಪ. ಫೋನಿನ ಚಿತ್ರವೂ ನೆನಪಾಗಲಿಲ್ಲ, ಜೀಪೂ ನೆನಪಾಗಲಿಲ್ಲ. ಸೊಂಟಕ್ಕೆ ಸುತ್ತಿಕೊಂಡಿದ್ದ ಕವಣೆ ಕೈಗೆ ಬಂತು, ಬದುವಿನ ಕಲ್ಲು ಕವಣೆಗೆ ಬಂತು, ತಲೆಯ ಮೇಲೆ ಒಂದು ಸುತ್ತು ತಿರುಗಿ ಕಲ್ಲು ಹೋಯಿತು. "ಹೋಯ್, ನಿಮ್ಮವ್ವನ" ಎಂದು ಬಾಯಿಯೂ ಹಿಂದೆಯೇ ಹೋಯಿತು. ಹೊಲ ಕಾಯುವವರ ಕಲ್ಲು ಹಕ್ಕಿಗೆ ತಾಗಬಾರದು, ಅದರ ಮೂಗಿನ ಮುಂದೆ ಬೀಳಬೇಕು. ಹಾಗೆಯೇ ಬಿತ್ತು. ಹಕ್ಕಿ ಗಾಳಿಯಲ್ಲೇ ಹೊರಳಿ, ಬೀಳು ದಾಟಿ, ಬೇಲಿ ದಾಟಿ ಕಣ್ಮರೆಯಾಯಿತು.

"ನೋಡಿದೇನಪ್ಪ ಕೈ?" ಎಂದು ಕೆಂಚಕ್ಕ ಕವಣೆಯನ್ನು ಮತ್ತೆ ಸೊಂಟಕ್ಕೆ ಸುತ್ತಿಕೊಳ್ಳುತ್ತ ಹೆಮ್ಮೆಯಿಂದ ನಾಗಪ್ಪನ ಕಡೆ ತಿರುಗಿದಳು.

ಕ್ರಾಂತಿಕುಮಾರನ ಕ್ಯಾಮೆರಾದಲ್ಲಿ ಸಜ್ಜೆಯ ತೆನೆ ಬಿಟ್ಟು ಬೇರೇನೂ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದವನ ಸಿಟ್ಟು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. "ಮುದುಕಿ, ನಿನಗೆ ಬುದ್ಧಿ ಇದೆಯಾ? ಅದು ಕಾಳು ಮುಟ್ಟಲ್ಲ ಅಂತ ಬೆಳಿಗ್ಗೇನೇ ಹೇಳಿದ್ನಲ್ಲ. ಅಂಥ ಹಕ್ಕಿ ನಾಡಿನಲ್ಲಿ ಬೆರಳೆಣಿಕೆಯಷ್ಟೂ ಇಲ್ಲ."

"ಹೊಲದಾಗ ಬಂದದ್ದನ್ನ ಏನ್ ತಿಂತಿಯವ್ವ ಅಂತ ಕೇಳಿ ಕಲ್ಲು ಹೊಡೀಲೇನು? ನಿನ್ನ ಅಂಗಡ್ಯಾಗ ಕಳ್ಳ ಹೊಕ್ಕರ ನೀ ಕೇಳ್ತಿಯೇನು?"

ಬಾಡಿಗೆ ಕೈತಪ್ಪುತ್ತದೆಂದು ಹೆದರಿದ ಅಂಜಿನೇಯಲು ನಡುವೆ ಬಂದ. "ಸಾರ್, ತಪ್ಪು ತಿಳೀಬ್ಯಾಡ್ರಿ. ವಯಸ್ಸಾಗೈತಿ, ಆಕಿ ತಲಿ ನಿಲ್ಲಂಗಿಲ್ಲ." ನಾಗಪ್ಪನ ಎದುರಿಗೇ ಅಂದ. ಕೆಂಚಕ್ಕ ಅವನನ್ನು ಅಲ್ಲೇ ಹೂತುಹಾಕುವ ಹಾಗೆ ನೋಡಿದಳು.

ಕ್ರಾಂತಿಕುಮಾರ್ ಅವಳನ್ನು ಬಿಟ್ಟು ನಾಗಪ್ಪನನ್ನು ಹಿಡಿದ. ಹಕ್ಕಿ ಜಾಗ ಬಿಟ್ಟಿರುವುದಿಲ್ಲ, ಗದ್ದಲವಿಲ್ಲದಿದ್ದರೆ ಮರಳಿ ಬರುತ್ತದೆ. ಕಲ್ಲು, ಕೂಗು, ಬಲೆ ಏನೂ ಬೇಡ, ಈ ಸಲ ಹೊಲವನ್ನು ಹಾಗೇ ಬಿಟ್ಟುಬಿಡಿ. ಹಾಳಾದ ಕಾಳಿನ ಬೆಲೆ ನಾನು ಕೊಡುತ್ತೇನೆ. ವಾರ ವಾರ ಬರುತ್ತೇನೆ. ಇಷ್ಟನ್ನು ಅವನು ಒಂದೇ ಉಸಿರಿಗೆ ಹೇಳಿದ. ನಾಗಪ್ಪನಿಗೆ ಹುಳದ ಚಿಂತೆ, ಮಳೆಯ ಚಿಂತೆ, ಹಕ್ಕಿಯ ಚಿಂತೆ ಮೂರೂ ಒಟ್ಟಿಗೆ ಹರಿದು ಹೋದಂತಾಯಿತು. ಆಗಲಿ ಎಂದುಬಿಟ್ಟ.

"ಮತ್ತ ನನ್ನ ಹೊಲ?" ಎಂದಳು ಕೆಂಚಕ್ಕ.

"ಇನ್ನೇನು ಕಾಯ್ತಿ ಕೆಂಚಕ್ಕ? ತಿಂದಷ್ಟಕ್ಕೂ ಅವರೇ ಕೊಡ್ತಾರಲ್ಲ." ಅವನು ಅವಳ ಮುಖ ನೋಡದೆ ಹೇಳಿದ.

ಅವಳು ಕಲ್ಲು ಹೊಡೆಯದಿದ್ದರೆ ಅವರು ಫೋಟೋ ತೆಗೆದುಕೊಂಡು ತಮ್ಮ ದಾರಿ ಹಿಡಿಯುತ್ತಿದ್ದರು, ಹೊಲ ಅವಳಿಗೆ ಉಳಿಯುತ್ತಿತ್ತು. ಇದು ಕೆಂಚಕ್ಕನಿಗೆ ನಿಂತಲ್ಲೇ ಹೊಳೆಯಿತು. ತನ್ನ ಕೈಯ ಮೇಲೆ ತನಗೇ ಇಷ್ಟು ಸಿಟ್ಟು ಅವಳಿಗೆ ಹಿಂದೆಂದೂ ಬಂದಿರಲಿಲ್ಲ.

ಶಾಂಭವಿಗೆ ಅವಳ ಮುಖ ನೋಡಲಾಗಲಿಲ್ಲ. "ಅಜ್ಜಿ ಅಟ್ಟದ ಮೇಲೆ ಇರಲಿ. ದನ, ನಾಯಿ, ಜನ ಒಳಗೆ ಹೋಗದ ಹಾಗೆ ನೋಡ್ಕೊಳ್ಳಲಿ. ಕೂಲಿ ಕೊಡೋಣ," ಎಂದು ಗಂಡನಿಗೆ ಹೇಳಿದಳು.

ಅವನು ಸ್ವಲ್ಪ ಯೋಚಿಸಿ ಕೈ ಚಾಚಿದ. "ಇರಲಿ. ಆ ಕವಣೆ ನನ್ನ ಕೈಗೆ ಕೊಡಬೇಕು. ಗಿಳಿ ಬರಲಿ, ಗುಬ್ಬಿ ಬರಲಿ, ಬಾಯಿ ಮುಚ್ಚಿಕೊಂಡು ಕೂರಬೇಕು."

ಅಟ್ಟ ಕೂಗಳತೆಯಲ್ಲಿತ್ತು. ಹಿಟ್ಟಿನ ಡಬ್ಬಿ ಎಲ್ಲಿಡಬೇಕು, ಒಲೆಯ ಬಾಯಿ ಯಾವ ಕಡೆ ಮಾಡಬೇಕು ಎಂಬುದನ್ನೂ ಅವಳು ದಾರಿಯಲ್ಲೇ ಯೋಚಿಸಿ ಇಟ್ಟುಕೊಂಡಿದ್ದಳು. ಕವಣೆಯ ಹಗ್ಗ ಬೆರಳಿನಿಂದ ಅರ್ಧ ಬಿಚ್ಚಿದ್ದಳು ಕೂಡ. ಅಷ್ಟರಲ್ಲಿ ಗುಬ್ಬಿಗಳ ಹಿಂಡೊಂದು ಬಂದು ಸಜ್ಜೆಯ ಮೇಲೆ ಕೂತು ತೆನೆ ಸುಲಿಯತೊಡಗಿತು. ಯಾರೂ ಹುಶ್ ಎನ್ನಲಿಲ್ಲ. ನಾಗಪ್ಪನೂ ಎನ್ನಲಿಲ್ಲ.

"ಬೆದರುಗೊಂಬಿಗಾದ್ರೂ ಹಕ್ಕಿ ಅಂಜತಾವು," ಎಂದಳು ಕೆಂಚಕ್ಕ. "ನನ್ನ ಅದಕ್ಕಿಂತ ಕಡಿಮಿ ಮಾಡಿ ಕುಂದರಸ್ತೀಯೇನು? ನಿನ್ನ ಕೂಲಿ ನಿನ್ನ ಹಕ್ಕಿಗೇ ಹಾಕು." ಹಗ್ಗ ಮತ್ತೆ ಬಿಗಿದುಕೊಂಡು ಹೋಗಿ ಜೀಪಿನಲ್ಲಿ ಕೂತಳು. ಜೀಪು ಬಿಟ್ಟರೆ ಹೋಗಲು ಅವಳಿಗೆ ಬೇರೆ ಜಾಗವಿರಲಿಲ್ಲ.

ಹರಪನಹಳ್ಳಿಯಲ್ಲಿ ದಾವಣಗೆರೆ ಬಸ್ಸು ಹಿಡಿಯಲು ಗಂಡ ಹೆಂಡತಿ ಇಳಿದುಹೋದರು. ಮುಂದಿನ ವಾರಕ್ಕೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆಂದು ಕ್ರಾಂತಿಕುಮಾರ್ ಹೇಳಿಯೇ ಹೋದ. ಅಂಜಿನೇಯಲು ಊರು ದಾಟುವತನಕ ತಡೆದುಕೊಂಡ, ಆಮೇಲೆ ಶುರು ಮಾಡಿದ. ಬಾಡಿಗೆ ಹೋಯಿತು, ಮರ್ಯಾದೆ ಹೋಯಿತು, ಕೊಟ್ಟ ಕೂಲಿಯನ್ನೂ ಒದ್ದು ಬಂದಳು, ಇಂಥ ಅತ್ತೆ ಶತ್ರುವಿಗೂ ಬೇಡ. ಅವಳು ಹೊರಗೆ ನೋಡುತ್ತ ಕೂತಿದ್ದಳು. ಅವನು ಅವಳ ತೌರಿನವರನ್ನು ಎತ್ತಿದ, ಸತ್ತ ಮಾವನನ್ನೂ ಎತ್ತಿದ. ಅವಳು ತುಟಿ ಬಿಚ್ಚಲಿಲ್ಲ. ಕೊನೆಗೆ ಅವನ ದನಿಯೇ ಇಳಿಯಿತು.

"ಏನಾರ ಬೈಯಿ ಅತ್ತಿ. ನೀ ಹಿಂಗ ಸುಮ್ನ ಕುಂತ್ರ ನನಗ ಗಾಡಿ ಓಡ್ಸಾಕ ಆಗವಲ್ದು."

"ಇಷ್ಟು ದಿನ ನಾಳಿ ಬಿಟ್ಟು ಹೋಗಾಕಿ ಅಂತ ಬೈತಿದ್ದೆಪ್ಪ," ಎಂದಳು ಕೆಂಚಕ್ಕ. "ಇನ್ಮ್ಯಾಲೆ ನಿಮ್ಮನ್ಯಾಗ ಇರಾಕಿ. ಇರೋ ಮನಿಯೋನ್ನ ಹೆಂಗ ಬೈಲಿ?"

ಸಂಜೆ ಕಾನಹೊಸಹಳ್ಳಿಯಲ್ಲಿ ಮನೆಯ ಮುಂದೆ ಜೀಪು ನಿಂತಿತು. ರೊಟ್ಟಿ ತಟ್ಟುತ್ತಿದ್ದ ಹೊನ್ನೂರಮ್ಮ ಜಗಳದ ಸದ್ದಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಳು. ಆಮೇಲೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿಬಂದು, "ಅವ್ವನ್ನ ಎಲ್ಲಿ ಬಿಟ್ಟು ಬಂದಿ?" ಎಂದು ಗಂಡನನ್ನು ಕೇಳಿದಳು.