ಏಳು ಕೆಂಪು ಚುಕ್ಕೆಯ ತೋಟಾ

ಮಲಯ್ ದೇಶದ ಸುಬಾಂಗ್ ಜಯಾ ಊರಿನಲ್ಲಿರುವ ಮಗಳ ಮನೆಯಲ್ಲಿ ನನ್ನದು ಅಂತ ಇರುವುದು ಒಂದು ಮಂಚ, ಒಂದು ಕಪಾಟು, ಮತ್ತೆ ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ. ಡಬ್ಬಿಯಲ್ಲಿ ದಾರ, ಗುಂಡಿ, ಕತ್ತರಿ. ಸೂಜಿಗಳು ಮಾತ್ರ ಒಂದು ಹಿತ್ತಾಳೆಯ ಕೊಳವೆಯೊಳಗೆ ಇರುತ್ತಿದ್ದವು. ಅದರ ಬಾಯಿಗೆ ಒಂದು ಬಿರಡೆ. ಆ ಕೊಳವೆ ಒಂದು ಕಾಲಕ್ಕೆ ಕೋವಿಯ ತೋಟಾ ಆಗಿತ್ತು. ಗುಂಡು ಹಾರಿ, ಮದ್ದು ಉರಿದು ಹೋದ ಮೇಲೆ ಉಳಿದ ಖಾಲಿ ಚಿಪ್ಪು ಅದು. ಹದಿನೈದು ವರ್ಷದಿಂದ ನನಗದು ಸೂಜಿಮನೆ. ಹಾಗಾಗಿ ಊರಿನಿಂದ ಹೊರಟ ದಿನ ಪೆಟ್ಟಿಗೆಗೆ ಹಾಕುವಾಗ ಯೋಚನೆಯನ್ನೇ ಮಾಡಿರಲಿಲ್ಲ.

ಯೂನಿಫಾರ್ಮಿನ ಗುಂಡಿ ಕಿತ್ತುಹೋಗಿದೆ ಅಂತ ಮೊಮ್ಮಗಳು ಡಬ್ಬಿ ತೆರೆದಳು.

"ಅಜ್ಜಿ, ಈಸ್ ದಿಸ್ ಎ ರಿಯಲ್ ಬುಲೆಟ್?"

"ಆಗಿತ್ತು ಮಗಾ. ಈಗ ರಿಟೈರ್ ಆಗಿದೆ, ನನ್ ಹಾಗೆ."

ಅವಳು ನಕ್ಕಳು, ಫೋಟೋ ತೆಗೆದಳು, 'ಮೈ ಅಜ್ಜಿ ಈಸ್ ಡೇಂಜರಸ್' ಅಂತ ಬರೆದು ಸ್ಟೇಟಸ್ಸಿಗೆ ಹಾಕಿದಳು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಫೋನಿನಲ್ಲಿ ಟೈಪ್ ಮಾಡುವುದನ್ನು ಆಗಷ್ಟೇ ಕಲಿತಿದ್ದೆನಲ್ಲ, ನಾನೂ ಕೆಳಗೆ ಒಂದು ನಗುವ ಮುಖ ಒತ್ತಿದೆ. ಹತ್ತು ನಿಮಿಷಕ್ಕೆ ಮಗಳು ಆಫೀಸಿನಿಂದ ಫೋನು ಮಾಡಿದಳು. ಹಲೋ ಇಲ್ಲ, ಊಟ ಆಯ್ತಾ ಇಲ್ಲ. "ಅಮ್ಮಾ, ಅದನ್ನ ಮುಟ್ಬೇಡ. ಯಾರಿಗೂ ಬಾಗಿಲು ತೆಗೀಬೇಡ. ನಾವು ಬರ್ತಾ ಇದೀವಿ."

ಮುಟ್ಟಬೇಡವಂತೆ. ಆ ಚಿಪ್ಪನ್ನು ನಾನು ಮುಟ್ಟಿದಷ್ಟು ನನ್ನ ಮಾಂಗಲ್ಯವನ್ನೂ ಮುಟ್ಟಿಲ್ಲ.

ಇಬ್ಬರೂ ಬಂದರು. ಅಳಿಯ ಉಡುಪಿಯವನು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೊಯ್ದು ಪಾಠ ಹೇಳುತ್ತಾನೆ. ಅಂಥವನು ನನ್ನ ಸೂಜಿಮನೆಯನ್ನು ಅಡುಗೆಮನೆಯ ಇಕ್ಕಳದಲ್ಲಿ ಹಿಡಿದು ಮೇಜಿನ ಮೇಲಿಟ್ಟ.

"ಅತ್ತೆ, ಇದು ಊರಲ್ಲ ಮಾರಾಯ್ರೆ. ಇಲ್ಲಿ ಇಂಥದ್ದು ಒಂದು ಸಿಕ್ಕಿದ್ರೂ ಜೈಲು. ನಮ್ಮ ವೀಸಾ, ಕೆಲಸ ಎಲ್ಲ ಹೋಗ್ತದೆ."

"ಇದ್ರಲ್ಲಿ ಮದ್ದಿಲ್ಲ. ಕಿಡಿ ಹಾರಿಸೋ ಕೆಳಗಿನ ಕ್ಯಾಪು ಹೊಡೆದು ಸತ್ತಿದೆ. ಕತ್ತು ಸೀಳಿದೆ, ಇಲ್ನೋಡಿ. ಇದ್ರಿಂದ ನೊಣಾನೂ ಸಾಯಲ್ಲ."

"ಅದೆಲ್ಲ ನಿಮಗೆ ಗೊತ್ತಾಗೋದಿಲ್ಲ ಅತ್ತೆ."

ನನಗೆ ಗೊತ್ತಾಗುವುದಿಲ್ಲ! ಮಗಳು ಕಸ ಕೆಳಗೆ ಬೀಳಿಸುವ ಪೈಪಿಗೆ ಹಾಕುತ್ತೇನೆ ಎಂದಳು. "ಹಾಕು," ಎಂದೆ, "ನಾಳೆ ಕಸದವನು ಎತ್ಕೊಂಡ್ರೆ ಅವನೂ ಜೈಲಿಗೆ ಹೋಗ್ಲಿ, ಜೊತೆ ಆಗುತ್ತೆ." ಕೊನೆಗೆ ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋಗಿ ನಾವಾಗಿಯೇ ಒಪ್ಪಿಸುವುದು ಎಂದಾಯಿತು. ಅಳಿಯ ಮಾತನ್ನೂ ಹೊಂದಿಸಿಕೊಂಡ: "ಮಾವ ಮಾಡಿದ್ದು, ಅತ್ತೆ ನೆನಪಿಗೆ ಇಟ್ಕೊಂಡಿದ್ರು, ಅವರಿಗೆ ಏನೂ ಗೊತ್ತಿಲ್ಲ ಅಂತ ನಾನು ಹೇಳ್ತೇನೆ. ಅತ್ತೆ ಬಾಯಿ ತೆರೆಯೋದು ಬೇಡ."

ಮಾವ ಮಾಡಿದ್ದಂತೆ, ಅಂದರೆ ನನ್ನ ಗಂಡ!

ಅದು ಸ್ವಿಟ್ಜರ್ಲೆಂಡಿನ ಸೈನ್ಯ ಬಳಸಿ ಬಿಟ್ಟ ಹಳೇ ಕೋವಿಯ ತೋಟಾ. ಕೊಡಗಿನಲ್ಲಿ ನನ್ನ ಮಾವ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಲ್ಲಿನ ಸ್ವಿಸ್ ಮ್ಯಾನೇಜರ್ ಊರಿಗೆ ಹೊರಟಾಗ ಆ ಕೋವಿಯನ್ನು ಅವರಿಗೆ ಬಿಟ್ಟುಹೋದ. ಲೈಸೆನ್ಸು ಮಾವನಿಂದ ನನ್ನ ಗಂಡನಿಗೆ ಬಂತು. ಕೋವಿ ಬಂತು, ಆದರೆ ಅದಕ್ಕೆ ಸರಿಹೊಂದುವ ತೋಟಾ ನಮ್ಮ ದೇಶದ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಮನೆಯಲ್ಲಿದ್ದದ್ದು ನಲವತ್ತು ಹಿತ್ತಾಳೆ ಚಿಪ್ಪು, ಅಷ್ಟೇ. ಹೊಡೆದ ಮೇಲೆ ಹುಲ್ಲಿನಲ್ಲಿ ಮಂಡಿಯೂರಿ ಹುಡುಕಿ ತರಬೇಕು, ತೊಳೆಯಬೇಕು, ಹೊಸ ಕ್ಯಾಪು ಕೂರಿಸಬೇಕು, ಮದ್ದು ತೂಗಿ ಹಾಕಬೇಕು, ಗುಂಡು ಒತ್ತಬೇಕು. ಅದೇ ಚಿಪ್ಪು, ಮತ್ತೆ ಮತ್ತೆ.

ಗಂಡನ ಗುರಿ ಚೆನ್ನಾಗಿತ್ತು, ತಾಳ್ಮೆ ಇರಲಿಲ್ಲ. ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಹಿಡಿದು ಕೂರುವುದು ಅವರಿಂದ ಆಗದ ಕೆಲಸ. ಒಂದು ವರ್ಷ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಒಂದು ಗುಂಡು ಕಾಯಿಯ ಮೇಲೆ ಹೋಯಿತು, ಇನ್ನೊಂದು ಕೆಳಗೆ. ಮನೆಗೆ ಬಂದು ಕೋವಿಯನ್ನು ಬೈದರು. ನಾನು ಉಳಿದ ತೋಟಾಗಳನ್ನು ಬಿಚ್ಚಿಸಿ ಮದ್ದು ತೂಗಿದೆ. ಒಂದರಂತೆ ಒಂದಿಲ್ಲ. ಉಪ್ಪು ನೋಡದೆ ಸಾರು ಮಾಡಿದ ಹಾಗಿತ್ತು. ಅವತ್ತಿನಿಂದ ಆ ಕೆಲಸ ನನ್ನದು.

ಮದ್ದು ಹಾಕಲು ದೇವರ ಕೋಣೆಯ ಉದ್ಧರಣೆ ಎತ್ತಿಕೊಂಡೆ. ಅಷ್ಟು ಸಣ್ಣ ತಾಮ್ರದ ಚಮಚ ಬೇರೆ ಎಲ್ಲಿ ಸಿಗಬೇಕು? ನನ್ನ ಅತ್ತೆ ಆರು ತಿಂಗಳು ಹುಡುಕಿ, ಕೆಲಸದವಳ ಮೇಲೆ ಅನುಮಾನ ಪಟ್ಟು, ಹೊಸದು ತಂದರು. ಅದಕ್ಕಾಗಿ ಕೆಲಸದವಳಿಗೆ ನಾನು ಒಂದು ಸೀರೆ ಕೊಟ್ಟಿದ್ದೇನೆ, ಕಾರಣ ಹೇಳಿಲ್ಲ. ಒಂದು ಚಿಪ್ಪನ್ನು ಎಷ್ಟು ಸಲ ತುಂಬಿದೆ ಎಂದು ಗೊತ್ತಾಗಬೇಕಲ್ಲ? ಪ್ರತಿ ಸಲ ಬುಡದಲ್ಲಿ ನನ್ನ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಡುತ್ತಿದ್ದೆ. ಹಿತ್ತಾಳೆ ದಣಿದಾಗ ಕತ್ತಿನಲ್ಲಿ ಕೂದಲೆಳೆಯಷ್ಟು ಸೀಳು ಬರುತ್ತದೆ. ಕಂಡರೆ ಮುಗಿಯಿತು, ಅದನ್ನು ಮತ್ತೆ ತುಂಬುವ ಹಾಗಿಲ್ಲ.

ಮುಂದಿನ ವರ್ಷ ನನ್ನ ಗಂಡ ಕಾಯಿ ಒಡೆದರು. ಅದರ ಮುಂದಿನ ವರ್ಷವೂ. "ತೋಟಾ ಯಾರು ತುಂಬಿದ್ದು ಮಾರಾಯಾ?" ಎಂದು ಸುತ್ತ ನಿಂತವರು ಕೇಳಿದರೆ ಸುಳ್ಳು ಹೇಳುತ್ತಿರಲಿಲ್ಲ, ಮೀಸೆ ಮುಟ್ಟಿಕೊಳ್ಳುತ್ತಿದ್ದರು. ನಾನು ಮರದಡಿ ಕಾಫಿ ಲೋಟ ಹಂಚುತ್ತಿದ್ದೆ. ಅವರು ತೀರಿಕೊಂಡ ಮೇಲೆ ಕೋವಿ, ತಕ್ಕಡಿ, ಚಿಪ್ಪುಗಳು ಲೈಸೆನ್ಸಿನ ಜೊತೆ ಮೈದುನನಿಗೆ ಹೋದವು. ಕತ್ತು ಸೀಳಿದ ಒಂದನ್ನು ನಾನು ಉಳಿಸಿಕೊಂಡೆ. ಆ ಕೆಲಸ ನಾನು ಮಾಡಿದ್ದೆ ಎನ್ನುವುದಕ್ಕೆ ಭೂಮಿಯ ಮೇಲೆ ಇದ್ದದ್ದು ಅದೊಂದೇ. ಅದನ್ನು ಕೊಟ್ಟುಬಿಡಬೇಕು, ಅದೂ ಏನೂ ಗೊತ್ತಿಲ್ಲದವಳಾಗಿ!

ಬೆಳಿಗ್ಗೆ ಠಾಣೆಯ ಕೌಂಟರಿನಲ್ಲಿ ತಮಿಳು ಹುಡುಗಿಯೊಬ್ಬಳು ಇದ್ದಳು. "ಉಕ್ಕಾರುಂಗ ಪಾಟ್ಟಿ," ಎಂದು ಕುರ್ಚಿ ತೋರಿಸಿದಳು. ನರೆತ ಮೀಸೆಯ ಮಲಯ್ ಸಾರ್ಜೆಂಟು ಬಂದ. ಅಳಿಯ ಉರು ಹೊಡೆದದ್ದನ್ನು ಒಪ್ಪಿಸಿದ. ಲೇಟ್ ಫಾದರ್ ಇನ್ ಲಾ, ಮೆಮೊರಿ, ಶಿ ಡಸಂಟ್ ನೋ ಎನಿಥಿಂಗ್. ಸಾರ್ಜೆಂಟು ತಲೆಯಾಡಿಸುತ್ತಾ ಬರೆದುಕೊಂಡ. ಆಮೇಲೆ ಚಿಪ್ಪನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ದಿಸ್ ರೆಡ್ ರೆಡ್, ವಾಟ್ ಲಾ?" ಮಾತಿನ ಕೊನೆಗೊಂದು 'ಲಾ' ಸೇರಿಸುವುದು ಇಲ್ಲಿನವರ ಅಭ್ಯಾಸ.

ಅಳಿಯನಿಗೆ ಗೊತ್ತಿಲ್ಲ. ಮಗಳಿಗೆ ಗೊತ್ತಿಲ್ಲ. ಮಗಳು ಮೇಜಿನಡಿ ನನ್ನ ಕಾಲು ಒತ್ತಿದಳು.

"ನೇಲ್ ಪಾಲಿಶ್," ಎಂದೆ. "ಮೈನ್. ಐ ಮೇಕ್. ಸೆವೆನ್ ಟೈಮ್."

ಅಳಿಯನ ಮುಖ ಅವನ ಪಾಠದ ಮೇಜಿನ ಮೇಲೆ ಮಲಗಿರುವವರ ಹಾಗಾಯಿತು.

"ಯು ಮೇಕ್, ಆಂಟಿ?"

"ಇಂಡಿಯಾ. ಲೈಸೆನ್ಸ್. ಹಸ್ಬೆಂಡ್ ಓನ್ಲಿ ಶೂಟ್."

ಹತ್ತು ನಿಮಿಷದ ಕೆಲಸ ಮೂರು ಗಂಟೆಯಾಯಿತು. ಇನ್ನೊಬ್ಬ ಅಧಿಕಾರಿ ಬಂದ, ಪಾಸ್‌ಪೋರ್ಟು ನೋಡಿದ, ಎಲ್ಲವನ್ನೂ ಮೊದಲಿನಿಂದ ಕೇಳಿದ. ತಮಿಳು ಹುಡುಗಿಗೆ ನನ್ನ ಮುರುಕು ತಮಿಳಿನಲ್ಲಿ ಹೇಳಿದೆ, ಅವಳು ಮಲಯ್‌ನಲ್ಲಿ ಹೇಳಿದಳು. ಸಾರ್ಜೆಂಟು ಕತ್ತಿನ ಸೀಳಿನ ಮೇಲೆ ಉಗುರು ಎಳೆದು, "ಕ್ರ್ಯಾಕ್ ಕಮ್, ಯು ಸ್ಟಾಪ್?" ಎಂದ. "ಸ್ಟಾಪ್," ಎಂದೆ. "ಗುಡ್," ಎಂದ. ಇಷ್ಟು ವರ್ಷದಲ್ಲಿ ಆ ಕೆಲಸದ ಬಗ್ಗೆ ನನ್ನನ್ನು ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ. ಆಮೇಲೆ ಅವನೇ ಬಿರಡೆ ತೆಗೆದು ಸೂಜಿಗಳನ್ನು ನನ್ನ ಅಂಗೈಗೆ ಸುರಿದ. ಚಿಪ್ಪನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೊಹರು ಮಾಡಿದ. ಇನ್ನು ಮುಂದೆ ಇಂಥದ್ದು ತರಬೇಡಿ ಎಂದು ಎಚ್ಚರಿಸಿ ಕಳುಹಿಸಿದರು.

ಅಳಿಯ ಕ್ಲಾಸಿಗೆ ಹೊತ್ತಾಯಿತೆಂದು ಎಲ್‌ಆರ್‌ಟಿ ರೈಲು ಸ್ಟೇಷನ್ನಿನಲ್ಲಿ ಕಾರಿನಿಂದ ಇಳಿದುಕೊಂಡ. ಬಾಗಿಲನ್ನು ಜೋರಾಗಿ ಹಾಕಲಿಲ್ಲ, ಬಹಳ ಮೆಲ್ಲಗೆ ಹಾಕಿದ. ಅದೇ ಅವನ ಸಿಟ್ಟು.

"ಯಾಕಮ್ಮ ಬಾಯಿ ಬಿಟ್ಟೆ?" ಮಗಳು ಸ್ಟಿಯರಿಂಗ್ ಹಿಂಡುತ್ತಾ ಕೇಳಿದಳು. "ಅಪ್ಪ ಮಾಡಿದ್ದು ಅಂತ ಬಿಟ್ಟಿದ್ರೆ ಮುಗೀತಿತ್ತಲ್ಲ!"

"ಅಪ್ಪ ಮಾಡ್ಲಿಲ್ಲ."

"ಅಪ್ಪನೇ ಮಾಡ್ತಿದ್ದದ್ದು. ನಾನೇ ನೋಡಿದೀನಿ, ಮೇಜಿನ ಮುಂದೆ ಕೂತಿರೋರು."

"ಕೂತಿರೋರು. ಪೇಪರ್ ಓದ್ತಾ."

"ನೀನು ಹೆಲ್ಪ್ ಮಾಡ್ತಿದ್ದೆ, ಸರಿ."

ಹೆಲ್ಪ್! ನಾನು ಕಿಟಕಿಯ ಕಡೆ ತಿರುಗಿದೆ. ಮುಂದೆ ಕಾರುಗಳು ಅಲುಗಾಡುತ್ತಿರಲಿಲ್ಲ. ಕರ್ಚೀಪಿನಲ್ಲಿ ಸುತ್ತಿದ ಸೂಜಿಗಳು ತೊಡೆಗೆ ಚುಚ್ಚುತ್ತಿದ್ದವು. ಅವಳೇ ಮತ್ತೆ ಶುರು ಮಾಡಿದಳು, ಈ ಸಲ ದನಿ ಬೇರೆ.

"ಒಂದು ಕೆಂಪು ಬಾಟಲಿ ಇತ್ತಲ್ಲ ಅಮ್ಮ. ಕಪಾಟಿನ ಮೇಲೆ. ನಾನು ಉಗುರಿಗೆ ಹಚ್ಕೊಂಡೆ ಅಂತ ನೀನು ನನ್ನ ಬೆನ್ನಿಗೆ ಬಾರಿಸಿದ್ದೆ."

"ಬಾರಿಸಿದ್ದೆ."

"ಬರೀ ನೇಲ್ ಪಾಲಿಶಿಗೆ ಯಾಕೆ ಹೊಡೆದ್ಲು ಅಂತ ನಾನು... ಅದಕ್ಕಾ ಅದು?"

"ಮತ್ತೆ ಇನ್ಯಾವುದಕ್ಕೆ? ನನ್ ಉಗುರು ಯಾವತ್ತಾದ್ರೂ ಕೆಂಪಗೆ ಇದ್ದದ್ದು ನೋಡಿದೀಯಾ?"

ಅವಳು ನನ್ನ ಕೈ ನೋಡಿದಳು. ಹಿಂದಿನವನು ಹಾರ್ನ್ ಹೊಡೆದ. "ತೋರ್ಸು," ಎಂದಳು, ತಕ್ಷಣ ನಾಲಿಗೆ ಕಚ್ಚಿಕೊಂಡಳು. ತೋರಿಸಲು ಏನಿದೆ? ಚಿಪ್ಪು ಠಾಣೆಯಲ್ಲಿದೆ. ಇಷ್ಟು ವರ್ಷ ಡಬ್ಬಿಯಲ್ಲಿ ಕಣ್ಣೆದುರಿಗೇ ಇದ್ದಾಗ ಒಂದು ದಿನ ಕೇಳಲಿಲ್ಲ, ಈಗ ತೋರಿಸಬೇಕಂತೆ. ಸಮಾಧಾನ ಆಗಬೇಕಿತ್ತೇನೋ. ನನಗೆ ಬಂದದ್ದು ಸಿಟ್ಟು.

ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ರೋಟಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಮನೆಗೆ ಬಂದೆವು. ಸಂಜೆ ಅಳಿಯ ಒಂದು ಮಾತ್ರೆಯ ಡಬ್ಬಿ ಕೊಟ್ಟ, "ಸೂಜಿ ಇಡ್ಲಿಕ್ಕೆ, ಅತ್ತೆ," ಅಂತ. ಪ್ಲಾಸ್ಟಿಕ್ಕು. ಎರಡೇ ದಿನಕ್ಕೆ ಅದರ ಮುಚ್ಚಳ ಸಡಿಲಾಯಿತು. ಇವತ್ತು ಬೆಳಿಗ್ಗೆ ಡಬ್ಬಿಗೆ ಕೈ ಹಾಕಿ ಹೆಬ್ಬೆರಳಿಗೆ ಚುಚ್ಚಿಸಿಕೊಂಡಿದ್ದೇನೆ. ಇದನ್ನು ಟೈಪ್ ಮಾಡುತ್ತಿರುವ ಬೆರಳೇ ಅದು.