ಮದ್ದು ಹುಡುಕಿದ ಅತ್ತೆ

ಊಟಕ್ಕೆ ಕೂತರೆ ನಮ್ಮ ಸೋದರತ್ತೆಯ ಕೈಗಿಂತ ಮೊದಲು ಮೂಗು ತಟ್ಟೆಗೆ ಇಳಿಯುತ್ತಿತ್ತು. ರೊಟ್ಟಿ ಮೂಸುವಾಗ ಮೂಗುತಿ ಅಲುಗುತ್ತಿತ್ತು. ಪಲ್ಯವನ್ನು ಬೆರಳಿನಿಂದ ಕೆದಕಿ ನೋಡಿದ ಮೇಲೆಯೇ ತುತ್ತು. ಮದುವೆಮನೆಗೂ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುವಾಕೆ. ಗಂಡನ ಊರು ತಿಳವಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಚಹದಂಗಡಿಯವನಿಗೆ, "ಮೊದ್ಲ ನೀ ಒಂದ್ ಗುಟುಕು ಕುಡಿ, ನೋಡೂಣು" ಎನ್ನುತ್ತಿದ್ದಳು. ಅವನೂ ನಗುತ್ತ ಕುಡಿಯುತ್ತಿದ್ದ.

ಅವಳ ಹೆದರಿಕೆಗೆ ಕಾರಣವಿತ್ತು. ಅವಳ ತವರು, ಮಾಸೂರಿನ ನಮ್ಮ ಮನೆಯಲ್ಲಿ ಅಜ್ಜ, ದೊಡ್ಡಪ್ಪ, ಕಡೆಗೆ ನನ್ನಪ್ಪ, ಎಲ್ಲರೂ ನಡುವಯಸ್ಸಿನಲ್ಲೇ ಹೊಟ್ಟೆನೋವೆಂದು ಮಲಗಿ ಹೋದವರು. ಯಾರೋ ಅನ್ನದಲ್ಲಿ ಮದ್ದು ಕಲಸಿದ್ದಾರೆ, ಅದು ವರ್ಷಗಟ್ಟಲೆ ಹೊಟ್ಟೆಯಲ್ಲಿ ಕೂತು ಕೊಲ್ಲುತ್ತದೆ ಎಂದು ಅತ್ತೆ ನಂಬಿದ್ದಳು. ಗುಮಾನಿ ನೆಗೆಣ್ಣಿಯ ಮೇಲೆ, ಅಂದರೆ ಗಂಡನ ಅಣ್ಣನ ಹೆಂಡತಿಯ ಮೇಲೆ. ತವರಿನವರು ಬಂದಾಗೆಲ್ಲ ಬಡಿಸಿದವಳು ಅವಳೇ ಅಲ್ಲವೇ! ಒಂದೇ ಅಂಗಳವಿದ್ದರೂ ಅತ್ತೆ ಅವಳ ಕೈಯ ನೀರನ್ನೂ ಮುಟ್ಟಲಿಲ್ಲ.

ಒಮ್ಮೆ ಅತ್ತೆಗೇ ಮಲದಲ್ಲಿ ರಕ್ತ ಬಿತ್ತು. ಮದ್ದು ತೆಗೆಯುವವನ ಹತ್ತಿರ ಓಡಿದಳು. ಅವನು ವಾಂತಿ ಮಾಡಿಸಿ, ಏನೋ ಗಟ್ಟಿಯಾದದ್ದನ್ನು ಎತ್ತಿ ತೋರಿಸಿದ. ಅತ್ತೆ ಅದನ್ನು ತೊಳೆದು ನೋಡಿದಳು. "ಇದ್ಯಾವ ಮದ್ದೋ? ನಿನ್ನಿ ನಾ ತಿಂದ ಗೋವಿನಜೋಳ!" ಎಂದು ಬೈದು, ಮರುದಿನವೇ ನನ್ನೊಡನೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟಳು.

ಕರುಳಿನ ಕ್ಯಾನ್ಸರ್. ಗಡ್ಡೆ ತೆಗೆದು ಪರೀಕ್ಷಿಸಿದ ಡಾಕ್ಟರು ಹೇಳಿದರು: "ಕರುಳಿನ ಜೀವಕೋಶ ಹೊಸದಾಗುವಾಗ ಸಣ್ಣಪುಟ್ಟ ತಪ್ಪು ಆಗ್ತಾವ್ರಿ. ಅವನ್ನ ತಿದ್ದೋ ಜೀನ್ ನಿಮ್ಮೊಳಗ ಹುಟ್ಟಿನಿಂದನ ಕೆಟ್ಟೈತಿ. ತಪ್ಪು ಕೂಡಿ ಕೂಡಿ ಗಡ್ಡಿ ಆಗೈತಿ. ಇದು ರಕ್ತಸಂಬಂಧದಾಗ ಬರ್ತೈತಿ."

"ಮತ್ತೊಮ್ಮೆ ನೋಡ್ರಿ" ಎಂದಳು ಅತ್ತೆ. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಆಗ ಅತ್ತೆ, "ಹಂಗಾರ ಮದ್ದು ನಮ್ಮಪ್ಪನ ಮನ್ಯಾಗಿಂದನ ಬಂದೈತಿ" ಎಂದಳು.

ಊರಿಗೆ ಮರಳಿದ ದಿನ ನೆಗೆಣ್ಣಿ ಗಂಜಿ ತಂದಳು. ಅತ್ತೆ ಬಟ್ಟಲನ್ನು ಮೂಗಿನತನಕ ಎತ್ತಿ, ತಡೆದು, ಮೂಸದೇ ಕುಡಿದಳು. "ಯಕ್ಕಾ, ನಿನ್ನ ಕೈ ಕಾಯ್ಕೋಂತ ಕುಂತೆ. ಕಳ್ಳ ನನ್ನೊಳಗ ಇದ್ದ." ನೆಗೆಣ್ಣಿ ಕಣ್ಣೊರೆಸಿಕೊಂಡು, "ಇನ್ನೊಂದೀಟು ಹಾಕ್ಲೇನು?" ಎಂದಳು.

ಸಂಶಯವೇನೂ ಸಾಯಲಿಲ್ಲ, ನನ್ನತ್ತ ತಿರುಗಿತು. "ನೀ ನಮ್ಮಣ್ಣನ ಮಗ. ನಿನ್ನ ಹೊಟ್ಟಿ ಮ್ಯಾಲೆ ನನಗ ನಂಬಿಕಿಲ್ಲ." ನನಗೆ ಯಾವ ತೊಂದರೆಯೂ ಇರಲಿಲ್ಲ, ಅವಳ ಕಾಟ ತಾಳದೆ ಪರೀಕ್ಷೆಗೆ ಹೋದೆ. ಅದೇ ಜೀನ್ ನನ್ನಲ್ಲೂ ಕೆಟ್ಟಿತ್ತು. ಕರುಳಿನಲ್ಲಿ ಆಗಷ್ಟೇ ತಲೆಯೆತ್ತಿದ್ದ ಸಣ್ಣ ಗಂಟನ್ನು ಕೊಳವೆ ಹಾಕಿ ತೆಗೆದರು.

ಅತ್ತೆಯ ರೋಗ ಮರುಕಳಿಸಿತು. ಹೋದ ಮಳೆಗಾಲದಲ್ಲಿ, ನೆಗೆಣ್ಣಿಯ ಕೈಯ ನೀರು ಕುಡಿದು ತೀರಿಕೊಂಡಳು. ನಾನು ಉಳಿದದ್ದು ಅವಳಿಂದ. ಮೊನ್ನೆ ಮತ್ತೆ ಕೊಳವೆ ಹಾಕಿ ನೋಡಿದ ಡಾಕ್ಟರು, "ಏನಿಲ್ಲ, ಆರಾಮ ಹೋಗ್ರಿ" ಎಂದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

"ಸರಿಯಾಗಿ ನೋಡೀರೇನ್ರಿ?" ಎಂದೆ.