ರುಚಿ ನೋಡಿ ಬೀಜಕ್ಕೆ ಬಿಡುತ್ತಿದ್ದ ಅಜ್ಜಿ

ಪಕ್ಕದ ಮನೆಯ ಅಜ್ಜಿ ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಕತ್ತರಿಸುತ್ತಿರಲಿಲ್ಲ. ಟಮಾಟಿ ಗಿಡದ ಹಸಿರು ಕಲೆ ಹಿಡಿದು ಕಪ್ಪಾಗಿದ್ದ ಆ ಉಗುರಿನಿಂದಲೇ ಹಣ್ಣು ಸೀಳಿ, ಒಂದು ಹೋಳು ತಾನು ಚೀಪಿ, ಇನ್ನೊಂದನ್ನು ಬೇಲಿಯಾಚೆ ನಿಂತ ನನಗೆ ಚಾಚುತ್ತಿದ್ದಳು.

ಮೋಟೆಬೆನ್ನೂರಿನ ಆ ಹಿತ್ತಲಲ್ಲಿ ಎರಡು ಬಗೆಯ ಜವಾರಿ ಟಮಾಟಿ ಇದ್ದವು. ಒಂದು ಕುಂಬಳದಂತೆ ಏಣೇಣಾದದ್ದು, ತೆಳು ಸಿಪ್ಪೆಯದು; ಸಾರಿಗೆ ಹಾಕಿದರೆ ಹುಣಸೆಹಣ್ಣು ಬೇಡ. ಇನ್ನೊಂದು ತಿಪ್ಪೆಯ ಬದಿಗೆ ತಾನೇ ಹಬ್ಬುವ ಗೋಲಿಯಷ್ಟು ಸಣ್ಣದು. ಸುಟ್ಟು ಮೆಣಸಿನಕಾಯಿಯೊಂದಿಗೆ ಅರೆದರೆ ಎರಡು ರೊಟ್ಟಿ ಹೆಚ್ಚಿಗೆ ಇಳಿಯುತ್ತಿದ್ದವು. ಬೀಜದ ಗಿಡವನ್ನು ಕಣ್ಣಳತೆಯಿಂದ ಆರಿಸುವವಳಲ್ಲ ಅಜ್ಜಿ. ಗಿಡಕ್ಕೊಂದು ಹಣ್ಣು ತಿಂದು ನೋಡಬೇಕು. ಬಾಯಿ ಒಪ್ಪಿದ ಗಿಡಕ್ಕೆ ದಾರ ಕಟ್ಟಬೇಕು.

ಮಗ ಹೊಲದಲ್ಲಿ ಹೈಬ್ರಿಡ್ ಹಾಕಿದ್ದ. "ನಿನ್ನ ಹಣ್ಣ ಕೆಳಗ ಬಿದ್ರ ನೆಲಾ ಸೀಳತೈತೋ," ಎಂದು ಅಜ್ಜಿ ಛೇಡಿಸುವಳು.

"ನಿಂದು ಸಂತಿ ಮುಟ್ಟೂದ್ರಾಗ ಸಾರ ಆಗಿರ್ತೈತಿ ಬೇ."

"ಸಂತಿಗೆ ಹೋಗೂ ಹಣ್ಣ ಬ್ಯಾರೆ, ಸಾರಿಗೆ ಬೀಳೂ ಹಣ್ಣ ಬ್ಯಾರೆ."

ಎಂಬತ್ತರ ದಶಕದ ಕೊನೆ. ನಾನು ಹಾವೇರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಆ ಮಗ ಬೆನ್ನಿನ ಪಂಪು ಇಳಿಸಿ, ಬ್ಯಾಡಗಿ ಬಸ್ಸಿಗೆ ಓಡುತ್ತ ಕೂಗಿದ: "ತಂಗೀ, ನಮ್ಮವ್ವಗ ಹೇಳು, ಹಿತ್ತಲ ಗಿಡಕ್ಕ ಎಣ್ಣಿ ಹೊಡದೇನಿ, ಎಂಟ ದಿನಾ ಮುಟ್ಟಬ್ಯಾಡ ಅಂತ."

ನಮ್ಮ ಕಡೆ ಹುಳುವಿಗೆ ಹೊಡೆಯುವ ವಿಷಕ್ಕೂ ಎಣ್ಣಿ ಎಂದೇ ಹೆಸರು. ನಾನು ಹೋಗಿ, "ಅಜ್ಜಿ, ಗಿಡಕ್ಕ ಎಣ್ಣಿ ಹೊಡದಾನಂತ" ಎನ್ನುವಷ್ಟರಲ್ಲಿ ಅವಳ ಮುಖ ಅರಳಿತು.

"ಹೊಡದನಾ? ಬೇವಿನೆಣ್ಣಿ ಹೊಡಿಯೋ ಅಂತ ತಿಂಗಳಾತು ಬಾಯಿ ಬಡಕೊಂಡು. ಕಡೀಕೂ ನನ್ನ ಮಾತ ಕೇಳಿದ!"

ಬೇವಿನೆಣ್ಣೆ ತಾನೇ ಎಂದುಕೊಂಡು ಉಳಿದರ್ಧ ಮಾತನ್ನು ನಾನು ನುಂಗಿಕೊಂಡೆ.

ಅಜ್ಜಿ ಅಂದೇ ಬೀಜಕ್ಕೆ ಆರಿಸಲು ಹೊರಟಳು. ಒಂದೊಂದೇ ಗಿಡದ ಹಣ್ಣು ಸೀಳಿ ಚೀಪುತ್ತ ನಡೆದಳು. ನಶ್ಯ ಏರಿಸಿ ಏರಿಸಿ ಅವಳ ಮೂಗಿಗೆ ವಾಸನೆ ಎಂದೋ ಸತ್ತಿತ್ತು. ನಾನು ಕೈ ಚಾಚಿದೆ.

"ಬ್ಯಾಡ ಯವ್ವಾ, ಇವತ್ತ ಬೇವಿನ ಕಹಿ ಹತ್ತೈತಿ. ಕಹೀದು ನನಗಿರ್ಲಿ."

ಅರ್ಧ ತಾಸಿನಲ್ಲಿ ಬೇಲಿ ಹಿಡಿದು ಕುಸಿದಳು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಹೆದ್ದಾರಿಗೆ ಅಡ್ಡ ನಿಂತು ಲಾರಿ ನಿಲ್ಲಿಸಿದೆ. ದವಾಖಾನೆಯಲ್ಲಿ ಅವಳ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದ ಡಾಕ್ಟರು, "ಎಣ್ಣಿ ಯಾವಾಗ ಕುಡದಾರಿವರು?" ಎಂದರು. ಆಗ ತಿಳಿಯಿತು. ಇಂದಿಗೂ ಟಮಾಟಿ ಹೆಚ್ಚುವಾಗ ಆ ಬೆಳಗು ಮತ್ತೆ ನಡೆಯುತ್ತದೆ. ಪ್ರತಿ ಸಲವೂ ನಾನು ಮುಟ್ಟಬ್ಯಾಡ ಎಂದು ಕೂಗುತ್ತೇನೆ, ಪ್ರತಿ ಸಲವೂ ಅವಳು ಸೀಳುತ್ತಾಳೆ.

ಮೂರನೆಯ ದಿನ ಅಜ್ಜಿ ಕಣ್ಣು ತೆರೆದಳು. ಮಗ ನನ್ನತ್ತ ತಿರುಗಿದ: "ಮುಟ್ಟಬ್ಯಾಡ ಅಂತ ಹೇಳಿದ್ದಿಲ್ಲೇನ ತಂಗಿ?"

ನಾನು ಬಾಯಿ ತೆರೆಯುವ ಮೊದಲೇ ಮಂಚದಿಂದ ಅಜ್ಜಿಯ ದನಿ ಬಂತು: "ಅಕಿನ್ಯಾಕ ಕೇಳ್ತಿ? ಅಕಿ ಹೇಳಿದ್ಲು. ನನಗ ಕಿವಿ ಮಂದ ಆಗ್ಯಾವು, ಕೇಳಸಲಿಲ್ಲ."

ಅಂದಿನಿಂದ ಆರು ವರ್ಷ ಅಜ್ಜಿ ಮನೆಯವರ ಮುಂದೆ ಕಿವುಡಿಯಾಗಿಯೇ ಇದ್ದಳು. ಊಟಕ್ಕೆ ಸೊಸೆ ಮೂರು ಸಲ ಕೂಗಬೇಕು. ಒಮ್ಮೆ ಬೇಲಿಯ ಬಳಿ ನಾನು ಪಿಸುಗುಟ್ಟಿದೆ: "ಖರೇ ಹೇಳಿಬಿಡ್ತೇನಿ ಅಜ್ಜಿ."

"ಸುಮ್ನಿರ. ನನ್ನ ಮುಂದನ ನನ್ನ ಬೈಯಾಕತ್ತಾಳ ಸೊಸಿ. ಎಲ್ಲಾ ಕೇಳೇನಿ ಅಂತ ಗೊತ್ತಾದ್ರ ಎದಿ ಒಡಕೊಂಡು ಸಾಯ್ತಾಳ!"

ಅವಳ ಕೊನೆಯ ದಿನ ಮಂಚದ ಸುತ್ತ ಎಲ್ಲರೂ ನಿಂತಿದ್ದರು. ನಾನು ಬಾಗಿ, ಉಸಿರಿಗಿಂತ ಮೆಲ್ಲಗೆ, "ನಾ ಅವತ್ತ ಅರ್ಧಾನ ಹೇಳಿದ್ದೆ ಅಜ್ಜಿ, ತಪ್ಪಾತು" ಎಂದೆ.

"ಜೋರಾಗಿ ಹೇಳ ತಂಗಿ," ಎಂದ ಮಗ, "ಅವ್ವಗ ಕೇಳೂದಿಲ್ಲ."

ಅಷ್ಟರಲ್ಲಿ ಅಜ್ಜಿ ನನ್ನ ಕೈ ಒತ್ತಿಯಾಗಿತ್ತು.